ಅರ್ಧ ನಿಮಿಷದ ಮೌನ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಇನ್‌ಬಾಕ್ಸ್ ಖಾಲಿ. ನಿನ್ನೆ ಹಾಕಿದ ಅರ್ಜಿಗಳಲ್ಲಿ ಒಂದನ್ನು ಮಾತ್ರ ಯಾರೋ ತೆರೆದಿದ್ದಾರೆ. ತೆರೆದು, ಹೆಸರಿನ ಪಕ್ಕದ ದೇಶದ ಬಾವುಟ ನೋಡಿ, ಮುಚ್ಚಿದ್ದಾರೆ. ಹಾಗಂತ ನನ್ನ ಅನುಮಾನ. ಬಾವುಟ ತೆಗೆಯಲು ಕೆಲಸ ಹುಡುಕುವ ಆ ಸೈಟಿನಲ್ಲಿ ಬಟನ್ ಇಲ್ಲ, ಹುಡುಕಿದ್ದೇನೆ.

ಎಲ್ಲ ಕಡೆ ಒಂದೇ ರಾಗ. "ನೇಟಿವ್ ಸ್ಪೀಕರ್ಸ್ ಓನ್ಲಿ." ಇಂಗ್ಲಿಷ್ ತಾಯ್ನುಡಿಯವರಿಗೆ ಮಾತ್ರವಂತೆ. ಅದನ್ನು ದಾಟಿದರೆ ಇನ್ನೊಂದು ರಗಳೆ— ರಿವ್ಯೂ ಇಲ್ಲದವರಿಗೆ ಕೆಲಸವಿಲ್ಲ. ಕೆಲಸವೇ ಕೊಡದಿದ್ದರೆ ರಿವ್ಯೂ ಏನು ಆಕಾಶದಿಂದ ಉದುರುತ್ತದೆಯೇ? ಕಾಲ್ ಸೆಂಟರ್ ಮುಚ್ಚಿದ ಮೇಲೆ ನನ್ನ ಬಳಿ ಉಳಿದಿರುವುದು ಈ ಗಂಟಲೊಂದೇ. ಯಾರದಾದರೂ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತೇನೆ ಅಂದರೆ ಕೇಳುವವರಿಲ್ಲ. ಒಂದೇ ಒಂದು ಐದು ಸ್ಟಾರ್ ರಿವ್ಯೂ ಬೇಕು. ಒಂದು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದಂತೆ.

ಅಪ್ಪ ಮಷಿನ್ ತುಳಿಯುತ್ತಲೇ ಕೇಳಿದ. "ಏನಮ್ಮಾ ರೇಡಿಯೋ, ಇವತ್ತು ಪ್ರಸಾರ ಇದೆಯಾ?"

"ಇಲ್ಲಪ್ಪ. ತಾಂತ್ರಿಕ ಅಡಚಣೆ."

ಚಿಕ್ಕಂದಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ ಅಂತ ಇಟ್ಟ ಹೆಸರು. ಮೂವತ್ತೈದು ದಾಟಿದರೂ ಬಿಡಲಿಲ್ಲ ಈ ಮನುಷ್ಯ.

ಮಾರ್ಚ್ 6

ಒಬ್ಬರು ಉತ್ತರ ಬರೆದರು! ಹೋದ ಜೀವ ಬಂದ ಹಾಗಾಯಿತು. ಓದಿದರೆ— "ಧ್ವನಿ ಚೆನ್ನಾಗಿದೆ. ಹಿಂದೆ ಅದೇನು ಸದ್ದು? ಕಾರ್ಖಾನೆಯಲ್ಲಿ ಕೂತಿದ್ದೀರಾ?"

ಅಪ್ಪನ ಹೊಲಿಗೆ ಮಷಿನ್ನು. ಪಾಪ, ಮುಂದಿನ ಕೋಣೆಯಲ್ಲಿ ಅವನ ಅಂಗಡಿ, ಹಿಂದಿನ ಕೋಣೆಯಲ್ಲಿ ನಾನು. ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿದೆ. ಅಪ್ಪ ಮಷಿನ್ನನ್ನೇ ನೋಡುತ್ತ ಕೂತ, ನೆಂಟರ ಮುಂದೆ ಮಾನ ಕಳೆದ ಮಗುವನ್ನು ನೋಡುವ ಹಾಗೆ.

"ನಾನು ತುಳಿಯೋದು ಅಷ್ಟು ದೂರದವ್ರಿಗೆ ಕೇಳಿಸ್ತಾ?"

"ಹೂಂ."

"ಅಬ್ಬಬ್ಬಾ! ಪಕ್ಕದ ಬೀದಿಯವ್ರಿಗೇ ನನ್ನ ಅಂಗಡಿ ಇರೋದು ಗೊತ್ತಿಲ್ಲ."

ನಕ್ಕೆವು. ಆದರೆ ಆಮೇಲೆ ಅವನು ಮಷಿನ್ ಮುಟ್ಟಲಿಲ್ಲ. ಗುಂಡಿ ಹಾಕುವ ಕೆಲಸ ಹಿಡಿದು ಕೂತ.

ಮಾರ್ಚ್ 9, ಸಂಜೆ

ಸ್ಟುಡಿಯೋ ತಯಾರು. ನಗು ಬರುತ್ತದೆ ಬರೆಯಲು. ಹಿಂದಿನ ಕೋಣೆಯ ದೊಡ್ಡ ಬೀರುವೇ ಸ್ಟುಡಿಯೋ. ಬಾಗಿಲು ಕಳಚಿದೆವು. ಒಳಗೆ ಹೊಲಿಸಿ ಒಯ್ಯದೆ ಹೋದವರ ಬಟ್ಟೆಗಳು— ಎರಡು ಕೋಟು, ರಾಶಿ ಪ್ಯಾಂಟು, ಮದುವೆ ಮುರಿದ ಯಾರದೋ ಸೂಟು. ಎಲ್ಲ ಹಾಗೇ ನೇತಾಡಲಿ, ಸದ್ದು ಹೀರಲು ಅವೇ ಚೆಂದ. ನಡುವೆ ಸ್ಟೂಲು, ಮೈಕು, ನಾನು. ಬಾಗಿಲಿನ ಜಾಗಕ್ಕೆ ಅಪ್ಪ ಪರದೆ ಹೊಲಿದುಕೊಟ್ಟ. ಮೂರು ಪದರ, ನಡುವೆ ಹತ್ತಿ, ಅಂಚಿಗೆ ದಪ್ಪ ಪಟ್ಟಿ.

"ಒಳಗೆ ಹೋಗು. ಈಗ ನಾನು ಬೈತೀನಿ, ಕೇಳಿಸತ್ತಾ ನೋಡು."

ಹೋದೆ. ಏನೂ ಕೇಳಿಸಲಿಲ್ಲ. ಹೊರಗೆ ಬಂದೆ. "ಏನು ಬೈದೆ?"

"ಕೇಳಿಸ್ಲಿಲ್ವಾ? ಹಾಗಾದ್ರೆ ಬಚಾವಾದೆ."

ಪರದೆಯ ಹೊರಗೆ ಮೊಳೆ ಹೊಡೆದು ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಅದು ನೇತಾಡುತ್ತಿದ್ದರೆ ಪ್ರಸಾರ ನಡೆದಿದೆ, ಮನೆಯಲ್ಲಿ ಪಿಟ್ಟೆನ್ನಬಾರದು. ನಿಯಮ ಅವನದೇ. ಪಾಲಿಸುವವನೂ ಅವನೇ. ಮೈಕಿಗಂತೂ ಪರದೆಯಾಚೆ ಸೂಜಿ ಬಿದ್ದರೂ ಗೊತ್ತಾಗುತ್ತದೆ, ಅದಕ್ಕೇ ಇಷ್ಟು ಬಿಗಿ.

ಮಾರ್ಚ್ 17

ಹಾಳಾಗಿ ಹೋಗಲಿ. ಒಬ್ಬ ಸ್ಯಾಂಪಲ್ ಅಂತ ಹೇಳಿ ಒಂದು ಅಧ್ಯಾಯ ಪೂರ್ತಿ ಓದಿಸಿಕೊಂಡ. ಕಳಿಸಿದೆ. ಆಸಾಮಿ ಮಾಯ. ಒಬ್ಬೊಬ್ಬರಿಂದ ಒಂದೊಂದು ಅಧ್ಯಾಯ ಪುಕ್ಕಟೆ ಓದಿಸಿ ಇಡೀ ಪುಸ್ತಕ ಮುಗಿಸಿಕೊಳ್ಳುವವರಿದ್ದಾರಂತೆ, ನಮ್ಮಂಥವರನ್ನೇ ಹುಡುಕಿ. ದೂರು ಕೊಡೋಣವೆಂದರೆ ಆ ಸೌಲಭ್ಯ "ನಿಮ್ಮ ದೇಶದಲ್ಲಿ ಲಭ್ಯವಿಲ್ಲ."

ಅತ್ತುಬಿಟ್ಟೆ. ನಾಚಿಕೆ ಏನು ಬರೆಯಲು, ಅತ್ತೆ. ಬೀರುವಿನೊಳಗೇ, ಆ ಸೂಟಿಗೆ ಮುಖ ಒತ್ತಿ. ಹೊರಗೆ ಕೆಂಪು ಪಟ್ಟಿ ತೆಗೆಯಲು ಮರೆತಿದ್ದೆ. ಬಂದು ನೋಡಿದರೆ ಅಪ್ಪ ಪರದೆಯ ಪಕ್ಕದ ಮಣೆಯ ಮೇಲೆ ಕೂತಿದ್ದಾನೆ. ಸೀನು ಬಂದಿದೆ, ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣೆಲ್ಲ ನೀರು.

"ಸೀನಬಾರದಾ?"

"ಸಿಗ್ನಲ್ ಬಿದ್ದಿಲ್ವಲ್ಲ."

ಮಾರ್ಚ್ 24

ಇವತ್ತು ಅಪ್ಪನ ಮೇಲೆ ರೇಗಿದೆ. ಶಾಲೆಯ ಯೂನಿಫಾರ್ಮ್ ಆರ್ಡರ್ ಈ ಸಲ ಬರಲಿಲ್ಲ ಅಂದಿದ್ದ. ಮೇಲಿನ ಮನೆಯಾಕೆ ನಲ್ಲಿಯ ಹತ್ತಿರ ಸಿಕ್ಕಿ ಹೇಳಿದರು, "ಬಂದಿತ್ತು ಕಣೇ. ನಿಮ್ಮಪ್ಪನೇ ಬೇಡ ಅಂದ್ರು. ಹಗಲೊತ್ತು ಮಷಿನ್ ತುಳಿಯೋ ಹಾಗಿಲ್ಲ, ಮಗಳಿಗೆ ವಿದೇಶದ ಕೆಲಸ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದಾರೆ."

ಯಾವ ವಿದೇಶದ ಕೆಲಸ? ಒಂದೂ ಇಲ್ಲವಲ್ಲ!

"ಬರತ್ತೆ," ಅಂದ ಅಪ್ಪ, ತಲೆ ಎತ್ತದೆ. "ಬಂದಾಗ ಮನೆ ಗಲಾಟೆ ಅಂತ ಕೈ ತಪ್ಪಬಾರದು. ನನಗೂ ತುಳಿದೂ ತುಳಿದೂ ಕಾಲು ನೋವು."

ಸುಳ್ಳ. ಕಾಲು ನೋವಂತೆ.

ಏಪ್ರಿಲ್ 2, ಬೆಳಿಗ್ಗೆ

ಬಂತು!!

ಜೇನು ಸಾಕಣೆಯ ಪುಸ್ತಕ. ಬರೆದವರು ಯಾವುದೋ ತಣ್ಣನೆಯ ದೇಶದ ಹೆಂಗಸು. ಮೊದಲ ಅಧ್ಯಾಯ ಚೆನ್ನಾಗಿ ಬಂದರೆ ಇಡೀ ಪುಸ್ತಕ ನನಗೇ. ನೇಟಿವ್ ಅಲ್ಲದಿದ್ದರೂ ಚಿಂತೆಯಿಲ್ಲವಂತೆ, ಆದರೆ ಸದ್ದು ಸಹಿಸುವುದಿಲ್ಲವಂತೆ. ಜೊತೆಗೆ "ರೂಮ್ ಟೋನ್" ಕಡ್ಡಾಯ. ಅಂದರೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡುವುದು. ಓದುವಾಗ ನಾನು ಉಸಿರೆಳೆದ ಕಡೆ, ತಡವರಿಸಿದ ಕಡೆ ಕತ್ತರಿಸಿ, ಅಲ್ಲಿಗೆ ಈ ಮೌನದ ತುಂಡನ್ನು ತೇಪೆ ಹಾಕಬೇಕು.

ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. "ಅದೇ ಥಾನಿನ ಬಟ್ಟೆ ಬೇಕು ತೇಪೆಗೆ. ಬೇರೆ ಹಾಕಿದ್ರೆ ಎದ್ದು ಕಾಣತ್ತೆ."

ಏಪ್ರಿಲ್ 4

ಓದಿ ಓದಿ ಬಾಯಿಪಾಠ. ರಾಣಿ ಜೇನು, ಗಂಡು ಜೇನು, ಹೊಗೆ ಹಾಕುವ ಡಬ್ಬಿ. ಜೇನುಗೂಡನ್ನು ಹತ್ತಿರದಿಂದ ನೋಡಿದವಳಲ್ಲ ನಾನು. ಅಪ್ಪ ಮೂರು ದಿನದಿಂದ ಎದೆ ತಿಕ್ಕಿಕೊಳ್ಳುತ್ತಿದ್ದಾನೆ. ಡಾಕ್ಟರ ಹತ್ತಿರ ನಡಿ ಅಂದರೆ, "ಗ್ಯಾಸು. ನಿನ್ನ ಕೆಲಸ ಮುಗೀಲಿ, ಹೋಗೋಣ." ನಾಳೆ ಮುಗಿಯುತ್ತದೆ. ನಾಡಿದ್ದು ಎಳೆದುಕೊಂಡಾದರೂ ಹೋಗುತ್ತೇನೆ.

ಏಪ್ರಿಲ್ 5, ಮಧ್ಯಾಹ್ನ

ಬೀರುವಿನೊಳಗೇ ಕೂತು ಬರೆಯುತ್ತಿದ್ದೇನೆ. ಫೈಲ್ ಹೋಗುತ್ತಿದೆ, ನೆಟ್ ಆಮೆ. ಅದು ಪೂರ್ತಿ ಹೋಗುವವರೆಗೆ ಅಲ್ಲಾಡುವುದಿಲ್ಲ.

ಚೆನ್ನಾಗಿ ಬಂದಿದೆ. ನಿಜಕ್ಕೂ. ಕೊನೆಯ ಪುಟದ ಹತ್ತಿರ ಒಂದೇ ಕಿರಿಕಿರಿ. ಹೆಡ್‌ಫೋನಿನಲ್ಲಿ ಟಕ್ ಟಕ್ ಅಂತ ಶುರುವಾಯಿತು. ಅಪ್ಪ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ ಮಣೆಗೆ ಬಡಿದ ಸದ್ದು. ಸುಮ್ಮನಾಯಿತು. ಮತ್ತೆ ಟಕ್ ಟಕ್. ಇಷ್ಟು ದಿನ ಇಲ್ಲದ್ದು ಇವತ್ತೇ ಬೇಕಿತ್ತಾ! "ಅಪ್ಪಾ, ಒಂದೈದು ನಿಮಿಷ ಸುಮ್ನೆ ಇರಕ್ಕಾಗಲ್ವಾ?" ಅಂತ ಕಿರುಚಿದೆ. ಪಾಪ, ಅಲ್ಲಿಗೆ ನಿಂತಿತು. ಆ ಸದ್ದನ್ನೂ ನನ್ನ ಕಿರುಚಾಟವನ್ನೂ ಕತ್ತರಿಸಿ ಬಿಸಾಡಿದೆ. ಹೇಗೂ ಎಲ್ಲ ಸ್ತಬ್ಧ, ಆ ಕ್ಷಣಕ್ಕೇ ಅರ್ಧ ನಿಮಿಷ ರೂಮ್ ಟೋನ್ ಹಿಡಿದೆ. ಅಂಥ ಮೌನ ಈ ಮನೆಯಲ್ಲಿ ಹುಟ್ಟಿದಾಗಿನಿಂದ ಕೇಳಿಲ್ಲ. ಅದನ್ನೇ ಇಡೀ ಅಧ್ಯಾಯಕ್ಕೆ ತೇಪೆ ಹಾಕಿ ಕೂತೆ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಎಲ್ಲೂ ಎದ್ದು ಕಾಣುವುದಿಲ್ಲ, ಅಪ್ಪ ಹೇಳಿದ ಹಾಗೆ.

ಹೋಯಿತು ಫೈಲು. ಪೂರ್ತಿ.

ಈಗ ಹೊರಗೆ ಹೋಗಿ ಒಳ್ಳೆಯ ಟೀ ಮಾಡುತ್ತೇನೆ, ಇಬ್ಬರಿಗೂ. ಕಿರುಚಿದ್ದಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿ

ಏಪ್ರಿಲ್ 19

ಬರೆಯಲು ಕೂರುತ್ತೇನೆ, ಏಳುತ್ತೇನೆ.

ಅಪ್ಪ ಇಲ್ಲ.

ಪರದೆ ಸರಿಸಿದಾಗ ಅಲ್ಲೇ ಇದ್ದ. ಮಣೆಯ ಪಕ್ಕ ಒರಗಿದ್ದ, ನಿದ್ದೆ ಅಂದುಕೊಂಡೆ. ಮುಖದ ಹತ್ತಿರ ಯಾರದೋ ಪ್ಯಾಂಟಿನ ತುಂಡು ಮುದ್ದೆಯಾಗಿತ್ತು. "ಅಪ್ಪಾ, ಕಳಿಸಿಬಿಟ್ಟೆ" ಅಂದೆ. ಮೊದಲು ಅಂದದ್ದು ಅದನ್ನೇ.

ಹೃದಯವಂತೆ. ಮುಂಚೆ ಕರೆತಂದಿದ್ದರೆ ಅಂತ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಬಂದವರೆಲ್ಲ ಒಂದೇ ಮಾತು. "ಪುಣ್ಯಾತ್ಮ. ಯಾರಿಗೂ ತೊಂದರೆ ಕೊಡದೆ, ಸದ್ದಿಲ್ಲದೆ ಹೋದ್ರು." ಸಾಕು ನಿಲ್ಲಿಸಿ ಅಂತ ಕೂಗಬೇಕೆನಿಸಿತು. ಮೇಲಿನ ಮನೆಯಾಕೆ ಮಾತ್ರ ಬಂದು ಊಟ ಇಟ್ಟು ಹೋಗುತ್ತಾರೆ.

ಟಕ್ ಟಕ್ ಅಂದದ್ದು ನನ್ನನ್ನು ಕರೆದದ್ದು. ಕೂಗಿದರೆ ಕೆಲಸ ಹಾಳಾದೀತು ಅಂತ ಮೆಲ್ಲಗೆ ಬಡಿದು ಕರೆದ. ಎರಡು ಸಲ ಕರೆದ. ನಾನು ಸುಮ್ಮನಿರು ಅಂದೆ, ಸುಮ್ಮನಾದ. ಯಾವತ್ತಾದರೂ ನನ್ನ ಮಾತು ಮೀರಿದ್ದಾನಾ ಅವನು? ಮೀರಬಾರದಿತ್ತಾ ಒಂದು ಸಲ!

ಏಪ್ರಿಲ್ 23

ಲ್ಯಾಪ್‌ಟಾಪ್ ತೆಗೆದೆ. ಆರನೇ ತಾರೀಖೇ ಬಂದು ಕೂತಿದೆ ನನ್ನ ಮೊದಲ ರಿವ್ಯೂ. ಐದು ಸ್ಟಾರ್.

"ಸುಂದರ ಧ್ವನಿ. ಹಿನ್ನೆಲೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಇಷ್ಟು ಶುದ್ಧವಾದ ಮೌನ ಎಷ್ಟೋ ದೊಡ್ಡ ಸ್ಟುಡಿಯೋಗಳಲ್ಲೂ ಸಿಗುವುದಿಲ್ಲ."

ಪುಸ್ತಕವೆಲ್ಲ ನನಗೇ ಕೊಟ್ಟಿದ್ದಾಳೆ. ಒಳ್ಳೆಯ ಹೆಂಗಸು, ಅವಳ ತಪ್ಪೇನಿದೆ. ಉತ್ತರ ಬರದಿದ್ದಕ್ಕೆ ಮತ್ತೊಂದು ಮೆಸೇಜು, ಆರೋಗ್ಯವೇ ಅಂತ. ಕೆಳಗೆ ಒಂದು ಸಾಲು— ಮುಂದಿನ ಅಧ್ಯಾಯಗಳಿಗೂ ದಯವಿಟ್ಟು ಅದೇ ರೂಮ್ ಟೋನ್ ಬಳಸಿ.

ಅದೇ ರೂಮ್ ಟೋನ್.

ಇಡೀ ಅಧ್ಯಾಯಕ್ಕೆ ತೇಪೆ ಹಾಕಿದ್ದೇನಲ್ಲ ದೇವರೇ. ರಾಣಿ ಜೇನಿಗೂ ಗಂಡು ಜೇನಿಗೂ ನಡುವೆ, ಪ್ರತಿ ಪ್ಯಾರಾ ಮುಗಿದಲ್ಲೂ, ಅದೇ ಅರ್ಧ ನಿಮಿಷ.

ಏಪ್ರಿಲ್ 24, ಬೆಳಿಗ್ಗೆ

ಹೊಸದಾಗಿ ಹಿಡಿಯೋಣವೆಂದು ಬೀರುವಿನೊಳಗೆ ಹೋದೆ. ಕೆಂಪು ಪಟ್ಟಿ ನೇತುಹಾಕಿದೆ, ರೂಢಿ. ಯಾರಿಗೆ ಹಾಕಿದೆ? ಮೈಕ್ ಆನ್ ಮಾಡಿದೆ. ಬೀದಿಯ ಸೈಕಲ್ಲು, ನಲ್ಲಿಯ ಹನಿ, ಮೇಲಿನ ಮನೆಯ ಪಾತ್ರೆ, ಎಲ್ಲ ಕೇಳಿಸಿತು. ಇಷ್ಟು ದಿನ ಕಿಟಕಿ ಮುಚ್ಚಿದ್ದು, ನಲ್ಲಿ ಬಿಗಿದದ್ದು, ಮೇಲಿನವರಿಗೆ ಕೈಮುಗಿದು ಹೇಳಿ ಬಂದದ್ದು ಯಾರು ಅಂತ ಇವತ್ತು ತಿಳಿಯಿತು.

ಹಳೆಯ ಕಚ್ಚಾ ಫೈಲ್ ಕಂಪ್ಯೂಟರಿನಲ್ಲಿ ಹಾಗೇ ಇದೆ. ಅಳಿಸಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಕೇಳುವುದಿಲ್ಲ ಅಂದುಕೊಂಡಿದ್ದೆ. ಹೆಡ್‌ಫೋನ್ ಹಾಕಿಕೊಂಡೆ.

ಟಕ್ ಟಕ್. ನನ್ನ ಓದು. ಟಕ್ ಟಕ್. ನನ್ನ ಕಿರುಚು, ಛೀ, ಎಂಥ ಧ್ವನಿ ಅದು. ಆಮೇಲೆ ಮೌನ.

ವಾಲ್ಯೂಮ್ ಪೂರ್ತಿ ಏರಿಸಿದೆ.

ಮೌನ ಅಲ್ಲ. ಉಸಿರಿದೆ. ಪರದೆಯ ಆಚೆ, ತೀರಾ ಹತ್ತಿರ. ತಡೆದು ತಡೆದು ಬರುತ್ತದೆ, ಮಂದವಾಗಿ, ಏನನ್ನೋ ಹಾಯ್ದು ಬಂದ ಹಾಗೆ... ಮತ್ತೆ ಹಿಂದಕ್ಕೆ ಹೋಗಿ ಕೇಳಿದೆ. ಹೌದು. ನನ್ನ ರೆಕಾರ್ಡಿಂಗಿಗೆ ಕೇಳಿಸಬಾರದು ಅಂತ, ಅಪ್ಪ ಆ ಪ್ಯಾಂಟಿನ ತುಂಡನ್ನು ಬಾಯಿಗೆ ಒತ್ತಿ ಹಿಡಿದು...