ಅವ್ವನ ಅಡಿಗಿ ಅಲ್ಲ, ನಮ್ಮ ರಕ್ತ

ಸಿಂದಗಿ

ಆಲಮೇಲದ ಶಂಕ್ರೆವ್ವ ಅತ್ತಿ, ಶರಣ್ರಿ.

ಅಪ್ಪ ಎದಿ ಹಿಡ್ಕೊಂಡು ಸತ್ತಾಗ "ನನ್ನ ತಮ್ಮಗ ಎಣ್ಣಿ ಉಣಿಸಿ ಕೊಂದಿ" ಅಂತ ಅವ್ವಗ ಮಂದಿ ಮುಂದ ಬೈದ್ರಿ. ಅವತ್ತಿನಿಂದ ನಮ್ಮನಿ ನೀರೂ ಕುಡದಿಲ್ಲ.

ಸುಳ್ಳ ಅದು. ನನ್ನ ಕಣ್ಣರೆಪ್ಪಿ ಮ್ಯಾಲಿನ ಹಳದಿ ಗಂಟು ನೋಡಿ ಡಾಕ್ಟರು ರಕ್ತ ತಪಾಸ್ ಮಾಡಿಸಿದ್ರು. ಕೊಲೆಸ್ಟ್ರಾಲ್ ಸಿಕ್ಕಾಪಟ್ಟೆ ಐತಿ. "ಇದು ಊಟದಿಂದ ಬಂದಿದ್ದಲ್ಲ, ನಿಮ್ಮಪ್ಪನ ಕಡಿಂದ ಹುಟ್ತಾನ ಬಂದೈತಿ" ಅಂದ್ರು. ಆ ಗಂಟು ಅಪ್ಪಗೂ ಇತ್ತು, ನಿಮಗೂ ಐತಿ. ಮನೆತನದ ಲಕ್ಷಣ ಅಂತ ಮೆರದ್ರಿ! ಈಗ ನಿಮ್ಮ ಮಗ ಶ್ರೀಶೈಲಗೂ ಮೂಡೈತಿ.

ಗುಳಿಗಿ ಅದಾವು, ನಾ ನುಂಗಾಕತ್ತೇನಿ. ನಾ ಸಾಯೂದಿಲ್ಲ, ಶ್ರೀಶೈಲನ್ನೂ ಸಾಯಾಕ ಬಿಡೂದಿಲ್ಲ. ಸೋಮವಾರ ಹಸಿದ ಹೊಟ್ಟಿಲೇ ಇಬ್ಬರೂ ಮೊದಲ ಬಸ್ಸಿಗೆ ಬರ್ರಿ. ತಪಾಸ್ ಆದ ಮ್ಯಾಲ ನಮ್ಮನ್ಯಾಗ ಊಟ. ಅಡಿಗಿ ಅವ್ವನ ಮಾಡ್ತಾಳ, ಸುಮ್ನ ಉಣ್ರಿ.

ನಿಮ್ಮ ತಮ್ಮನ ಮಗ,
ಕಲ್ಮೇಶ