ಹನ್ನೊಂದು ಕೈಯ ಕಂಬಳಿ

ಹಿರೇಮಡು
ಫೆಬ್ರವರಿ ಮೂವತ್ತು, ೨೨೧೪

ಹಿರೇಮಡು ಸೇವಾ ಸಂಗಮದ ಕಾರ್ಯದರ್ಶಿ ಸರ್ವಮಂಗಳಾ ಕಡೇಮನಿಯವರಿಗೆ, ಅದೇ ಸಂಗಮದ ಕಡತ ಕಾಯುವ ನೀಲಗಂಗಾ ಹಾದಿಮನಿಯ ಶರಣು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮುದುಡಿ ಎಸೆಯಬೇಡಿ. ಪಾಪದ ಫೆಬ್ರವರಿಗೆ ಎರಡು ದಿನ ಕಡಿಮೆ ಕೊಟ್ಟದ್ದು ಅನ್ಯಾಯವೆಂದು ನಮ್ಮ ಹಿರಿಯರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮನ್ನು ಏನೆಂದು ಕರೆಯಬೇಕೋ ಅದೂ ತಿಳಿಯದು. ವಯಸ್ಸಿನಲ್ಲಿ ನೀವು ನನಗಿಂತ ಹದಿನೈದು ವರ್ಷ ಚಿಕ್ಕವರು, ಕಾಲದಲ್ಲಿ ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಮಂಗಳಕ್ಕ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು. ಹೇಗೆ ಹೋಗುತ್ತದೋ ಆ ದೇವರಿಗೇ ಗೊತ್ತು, ನನಗಂತೂ ಗೊತ್ತಿಲ್ಲ. ಒಬ್ಬರಿಗೆ ಜೀವಮಾನಕ್ಕೊಂದೇ ಕಾಗದ. ಎಲ್ಲರೂ ತಮ್ಮ ತೀರಿಹೋದವರಿಗೆ ಬರೆಯುತ್ತಾರೆ. ನಾನೂ ನಮ್ಮ ಮನೆಯವರಿಗೆ, ಬದುಕಿದ್ದಾಗ ಹೇಳದೆ ಉಳಿಸಿಕೊಂಡ ಒಂದು ಮಾತು ಬರೆಯಬೇಕೆಂದು ಎಂಟು ವರ್ಷ ಆಸೆ ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ ಅಂದರೆ ವಿಷಯ ಸಣ್ಣದಲ್ಲ ಎಂದು ತಿಳಿಯಿರಿ.

ನಿಮ್ಮ ಲೆಕ್ಕದಲ್ಲಿ ನಿನ್ನೆ ಭಾನುವಾರ. ನೀವು ಸಂಗಮದವರು ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿಗೆ ಕಂಬಳಿ ಕೊಟ್ಟಿರಿ. ಆ ಫೋಟೊ ನಮ್ಮಲ್ಲಿ ಉಳಿದಿದೆ. ಕೆಂಪು ಹೂವಿನ ಕಂಬಳಿ ಒಂದು, ಹಿಡಿದವರು ಹನ್ನೊಂದು ಮಂದಿ. ಅಧ್ಯಕ್ಷರು ನಡುವೆ, ಖಜಾಂಚಿಯವರು ಇನ್ನೊಬ್ಬರ ಹೆಗಲ ಮೇಲಿಂದ ಕೈ ತೂರಿಸಿ ಹೇಗೋ ಒಂದು ಬೆರಳು ತಾಗಿಸಿದ್ದಾರೆ. ಹಿಂದೆ ಬ್ಯಾನರು, ಅದು ಕಂಬಳಿಗಿಂತ ದೊಡ್ಡದು. ಬಲತುದಿಯಲ್ಲಿ ನೀವು. ಅಜ್ಜಿಯ ಮುಖ ಮಾತ್ರ ಕಂಬಳಿಯ ಹಿಂದೆ ಮರೆಯಾಗಿದೆ, ಎರಡು ಪಾದ ಕಾಣುತ್ತವೆ. ಕೆಳಗೆ ಪತ್ರಿಕೆಯವರು ಹನ್ನೊಂದು ಹೆಸರನ್ನೂ ಹುದ್ದೆ ಸಮೇತ ಅಚ್ಚುಹಾಕಿ, ಕೊನೆಗೆ ‘ಮತ್ತಿತರರು ಉಪಸ್ಥಿತರಿದ್ದರು’ ಎಂದು ಸೇರಿಸಿದ್ದಾರೆ.

ದೊಡ್ಡ ನೆರೆ ಬಂದು ಊರು ಮುಳುಗಿ ಎದ್ದಾಗ ನಿಮ್ಮ ಸಂಗಮದ್ದೆಂದು ಸಿಕ್ಕದ್ದು ಒಂದು ಪೆಟ್ಟಿಗೆ ಫೋಟೊ. ಸಸಿ ನೆಡುವ ಫೋಟೊದಲ್ಲಿ ಒಂದು ಸಸಿಗೆ ಒಂಬತ್ತು ಜನ. ಕಣ್ಣಿನ ಶಿಬಿರದಲ್ಲಿ ಒಂದು ಕನ್ನಡಕಕ್ಕೆ ಏಳು ಜನ. ರಕ್ತದಾನದಲ್ಲಿ ಮಲಗಿದವನೊಬ್ಬ, ಸುತ್ತ ನಿಂತವರು ಹದಿಮೂರು ಜನ, ಅಷ್ಟೂ ಮಂದಿ ನಗುತ್ತಿದ್ದಾರೆ. ನಮ್ಮ ಹಿರಿಯರು ಇವನ್ನು ಹರಡಿಕೊಂಡು ಕೂತು ತಲೆ ಕೆರೆದುಕೊಂಡರು. ಒಂದು ಕಂಬಳಿ ಎತ್ತಲು ಹನ್ನೊಂದು ಮಂದಿ ಯಾಕೆ? ಅಷ್ಟು ಭಾರವೇ? ಆಮೇಲೆ ಯಾರೋ ಪುಣ್ಯಾತ್ಗಿತ್ತಿ ಹೇಳಿದಳಂತೆ, ಭಾರ ಕಂಬಳಿಯದಲ್ಲ, ಅದನ್ನು ಹೊದೆಯುವವರ ದುಃಖದ್ದು, ಅದಕ್ಕೇ ಹನ್ನೊಂದು ಕೈ ಬೇಕಾಗಿದೆ ಎಂದು. ಎಲ್ಲರೂ ಹೌದೌದು ಎಂದರು. ಅಲ್ಲಿಂದ ಶುರುವಾಯಿತು ನೋಡಿ.

ಈಗ ನಮ್ಮ ಊರಿನಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ, ಕೈಕಾಲು ಬಿದ್ದರೆ, ಮನೆಗೆ ನೀರು ನುಗ್ಗಿದರೆ, ಸಂಗಮದ ಹನ್ನೊಂದು ಮಂದಿ ಒಂದೇ ಕಂಬಳಿ ಹಿಡಿದು ಓಣಿಯಲ್ಲಿ ನಡೆದು ಬರುತ್ತಾರೆ. ಓಣಿ ಇಕ್ಕಟ್ಟಾದರೆ ಓರೆಯಾಗಿ ನಡೆಯುತ್ತಾರೆ, ನೋಡಿದರೆ ನಗು ಬರುತ್ತದೆ. ಬಿಸಿಲುಬಂಡಿಗಳು, ಅಂದರೆ ಬಿಸಿಲು ಕುಡಿದು ಓಡುವ ಗಾಡಿಗಳು, ದಾರಿ ಬಿಟ್ಟು ನಿಲ್ಲುತ್ತವೆ. ಬಾಗಿಲಲ್ಲಿ ನಿಂತು ನಿಮ್ಮ ಹನ್ನೊಂದು ಹೆಸರನ್ನು ಅದೇ ಕ್ರಮದಲ್ಲಿ ಹೇಳುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೂ ಅದು ಮಗ್ಗಿಯಂತೆ ಬಾಯಿಪಾಠ. ಕೊನೆಗೆ ಮತ್ತಿತರರು ಅಂದಾಗ ಮನೆಯವರು ಬಂದು ತಮ್ಮ ಕೈಯನ್ನೂ ಕಂಬಳಿಯ ಮೇಲಿಡಬೇಕು. ಆಮೇಲೆ ಹನ್ನೊಂದು ದಿನ, ದಿನಕ್ಕೊಬ್ಬರಂತೆ ಆ ಮನೆಯಲ್ಲೇ ಉಳಿಯುತ್ತಾರೆ. ಒಲೆ ಹಚ್ಚುತ್ತಾರೆ, ಬಟ್ಟೆ ಒಗೆಯುತ್ತಾರೆ, ಸುಮ್ಮನಿರಬೇಕಾದಲ್ಲಿ ಸುಮ್ಮನಿರುತ್ತಾರೆ.

ನಮ್ಮ ಮನೆಯವರು ಹೋದಾಗ ಈ ಹನ್ನೊಂದು ಮಂದಿ ಬಂದರು. ಯಾರೂ ಬೇಡ, ಹೋಗಿ ಎಂದು ನಾನು ಬಾಗಿಲು ಹಾಕಿಕೊಂಡೆ. ಅಷ್ಟೂ ಜನ ಆ ಕಂಬಳಿ ಬಿಡದೆ ಕಟ್ಟೆಯ ಮೇಲೆ ಸಾಲಾಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಒಬ್ಬರ ಕಾಲು ಜೋಮು ಹಿಡಿದು ಒದ್ದಾಡುವುದು ಕೇಳಿಸಿ, ಅಯ್ಯೋ ಇವರ ಹಣೆಬರಹವೇ ಎಂದು ನಾನೇ ಬಾಗಿಲು ತೆರೆದೆ. ಐದನೆಯ ದಿನ ಬಂದವಳು ನನ್ನ ಓಣಿಯ ಮೆಹಬೂಬಿ. ನನ್ನನ್ನು ಕೂರಿಸಿ ತಲೆಗೆ ಎಣ್ಣೆ ಹಚ್ಚಿದಳು. ನಾನು ಮೊದಲ ಸಲ ಅತ್ತದ್ದು ಆವತ್ತು.

ಈಗ ನನ್ನ ಸಂಕಟ ಹೇಳುತ್ತೇನೆ. ಹೋದ ತಿಂಗಳು ಹಳೆಯ ಪಂಪ್‌ಹೌಸಿನ ಗೋಡೆ ಒಡೆಯುವಾಗ ನಿಮ್ಮ ನಡಾವಳಿ ಪುಸ್ತಕ ಸಿಕ್ಕಿತು. ಅಕ್ಷರ ನಿಮ್ಮದೇ. ಕಾರ್ಯಕ್ರಮ ಯಶಸ್ವಿಯಾಯಿತು ಎಂದು ಬರೆದು, ಅದರ ಕೆಳಗೆ ಮೂರು ಸಾಲು ಬರೆದು ಗೀಚಿ ಹೊಡೆದಿದ್ದೀರಿ. ನಮ್ಮಲ್ಲಿ ಮರೆಗನ್ನಡಿ ಎಂಬುದಿದೆ, ಅದರಡಿ ಹಿಡಿದರೆ ಹೊಡೆದುಹಾಕಿದ ಬರಹವೂ ಕಾಣುತ್ತದೆ. ಓದಿದೆ. ಓದಬಾರದಿತ್ತು. ‘ಫೋಟೊ ಆದ ಕೂಡಲೇ ಎಲ್ಲರೂ ಉಪ್ಪಿಟ್ಟಿಗೆ ಹೋದರು. ಅಜ್ಜಿ ನನ್ನ ಸೆರಗು ಹಿಡಿದು ಏನೋ ಹೇಳಲು ಬಂದರು. ತಿಂಡಿ ಆರುತ್ತದೆಂದು ನಾನೂ ಹೋದೆ.’

ಮಂಗಳಕ್ಕ, ಆ ದಿನ ನನಗೆ ಅನ್ನ ಇಳಿಯಲಿಲ್ಲ. ಇನ್ನೂರು ವರ್ಷ ನಾವು ಹನ್ನೊಂದು ದಿನ ಉಳಿದೆವು, ನೀವು ಹನ್ನೊಂದು ನಿಮಿಷವೂ ಉಳಿಯಲಿಲ್ಲವಲ್ಲ ಎಂದು ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿಯಿತು. ಬೆಳಗಿನ ಐದಕ್ಕೆ ಎದ್ದು ಮನೆಗೆಲಸ ಮುಗಿಸಿ, ಬ್ಯಾನರು ಕಟ್ಟಿಸಿ, ಅಧ್ಯಕ್ಷರಿಗೆ ನಾಲ್ಕು ಸಲ ಫೋನು ಮಾಡಿ ಕರೆಸಿದವರು ನೀವೇ ಇರಬೇಕು. ಪ್ರತಿ ಸಂಘದಲ್ಲೂ ಅಂಥವರೊಬ್ಬರು ಇರುತ್ತಾರೆ, ಹಸಿವೂ ಅವರಿಗೇ ಜಾಸ್ತಿ. ಆ ಮೂರು ಸಾಲನ್ನು ಬೇರೆ ಯಾರೂ ಬರೆಯುತ್ತಿರಲಿಲ್ಲ.

ನಮ್ಮ ಸಭಾಪತಿಗೆ ಸುದ್ದಿ ಮುಟ್ಟಿದೆ. ಉಪ್ಪಿಟ್ಟಿಗೆ ಓಡಿದವರ ಹೆಸರು ಹೇಳಿಕೊಂಡು ಓಣಿ ತಿರುಗುವುದು ನಾಚಿಕೆಗೇಡು, ಈ ಪದ್ಧತಿಯೇ ಸುಳ್ಳಿನ ಮೇಲೆ ನಿಂತಿದೆ, ಪುಸ್ತಕವನ್ನು ಶುಕ್ರವಾರ ಸಭೆಯಲ್ಲಿ ಓದಿ, ಮತ ಹಾಕಿ ನಿಲ್ಲಿಸೋಣ ಅನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗುತ್ತಿಲ್ಲ. ಆದರೆ ಮೊನ್ನೆ ಮೆಹಬೂಬಿಯ ಮಗ ಹೊಳೆಗೆ ಬಿದ್ದು ತೀರಿಕೊಂಡ. ಕಂಬಳಿ ತೊಳೆದು ಒಣಗಿಸಿ ಇಟ್ಟಿದೆ, ಹಿಡಿಯಬೇಕಾದವರು ಶುಕ್ರವಾರ ಕಳೆಯಲಿ ಎಂದು ಕೂತಿದ್ದಾರೆ. ನಾನು ಹೋಗಿ ಬಾಗಿಲು ಬಡಿದೆ. ಅವಳು ತೆಗೆಯಲಿಲ್ಲ. ನಾನೊಬ್ಬಳೇ ಇದ್ದೆ.

ನಿಮ್ಮ ಪುಸ್ತಕದ ಮುಂದಿನ ಹಾಳೆಯನ್ನು ಗೆದ್ದಲು ತಿಂದಿದೆ. ಸೋಮವಾರ ಏನಾಯಿತು, ನೀವು ಮತ್ತೆ ಬಸ್ ನಿಲ್ದಾಣಕ್ಕೆ ಹೋದಿರೋ ಇಲ್ಲವೋ, ಮರೆಗನ್ನಡಿಗೂ ಗೊತ್ತಿಲ್ಲ. ನನ್ನ ಪಾಲಿನ ಒಂದೇ ಕಾಗದ ಅದಕ್ಕೇ ನಿಮಗೆ ಬಂದಿದೆ. ನಿಮಗೆ ಇವತ್ತು ಸೋಮವಾರ. ಅಜ್ಜಿ ಇನ್ನೂ ಅಲ್ಲೇ ಇದ್ದಾರು. ಹೋಗಿ. ಬ್ಯಾನರು ಬೇಡ, ಅಧ್ಯಕ್ಷರು ಬೇಡ, ಬೇಕಾದರೆ ತಿಂಡಿ ತಿಂದೇ ಹೋಗಿ. ಪಕ್ಕದಲ್ಲಿ ಕೂತು, ನಿನ್ನೆ ಏನು ಹೇಳಲು ಬಂದಿದ್ದಿರಿ ಎಂದು ಕೇಳಿ. ಹೇಳುವುದು ಮುಗಿಯುವ ತನಕ ಏಳಬೇಡಿ.

ಶುಕ್ರವಾರ ನಾನು ಸಭೆಯಲ್ಲಿ ಎಲ್ಲವನ್ನೂ ಓದುತ್ತೇನೆ, ಹೊಡೆದ ಸಾಲನ್ನೂ ಸೇರಿಸಿ. ಮುಚ್ಚಿಡುವುದು ಕಡತ ಕಾಯುವವಳಿಗೆ ಒಪ್ಪುವ ಕೆಲಸವಲ್ಲ. ಓದಿ ಮುಗಿಸಿ, ಮತ ಎಣಿಸುವ ತನಕ ಕಾಯದೆ, ಕಂಬಳಿಯ ಒಂದು ತುದಿ ಹಿಡಿದು ಮೆಹಬೂಬಿಯ ಮನೆಯ ಕಡೆ ನಡೆಯುತ್ತೇನೆ. ಉಳಿದ ಹತ್ತು ಕೈ ಬಂದರೆ ಬರಲಿ. ಬರದಿದ್ದರೆ ಕಂಬಳಿ ನೆಲಕ್ಕೆ ಎಳೆಯುತ್ತದೆ, ಎಳೆಯಲಿ. ಅವಳು ಬಾಗಿಲು ತೆಗೆಯುವ ತನಕ ಕಟ್ಟೆಯ ಮೇಲೆ ಕೂರುತ್ತೇನೆ.

ಅಲ್ಲಿ ನಿಂತು ಹೆಸರು ಹೇಳುವಾಗ ನಿಮ್ಮ ಹನ್ನೊಂದೂ ನನಗೆ ಬರುತ್ತವೆ. ಇನ್ನೂರು ವರ್ಷದಿಂದ ಮತ್ತಿತರರು ಎಂದು ಹೇಳಿಕೊಂಡು ಬಂದ ಆ ಅಜ್ಜಿಯ ಹೆಸರೊಂದೇ ನಮಗೆ ಯಾರಿಗೂ ಗೊತ್ತಿಲ್ಲ. ಕೇಳಿಕೊಂಡು ಬನ್ನಿ ಮಂಗಳಕ್ಕ. ಗೆದ್ದಲು ತಿನ್ನದ ಕಡೆ ಬರೆದಿಡಿ.