ಕಚೇರಿಯ ಅಂಗಳದಲ್ಲಿ ಬಿದ್ದ ನಾನೂರ ಹನ್ನೆರಡು ಚುಕ್ಕೆಗಳು

ಓಣಿಮನೆ, ಸುಣ್ಣದಗೂಡು, ಕಲ್ಲಂದೂರು
ಶುಕ್ರವಾರ, ನವೆಂಬರ್ ೬, ೨೧೬೭

ಆಶಾ ಕಾರ್ಯಕರ್ತೆ ಸಾವಂತ್ರವ್ವ ಹಡಪದ ಅವರಿಗೆ,

ನೀವು ನಮ್ಮ ನಾನೂರ ಹನ್ನೆರಡು ಮಂದಿಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀರಿ. ಕಾಯಿಲೆ ಬಿದ್ದವರು ಸುಣ್ಣದಗೂಡಿನವರು. ನಕ್ಷೆಯ ಮೇಲೆ ಅವರ ಚುಕ್ಕೆಗಳೆಲ್ಲ ಬಿದ್ದಿರುವುದು ನಗರಸಭೆ ಕಚೇರಿಯ ಅಂಗಳದಲ್ಲಿ. ನಮಸ್ಕಾರಕ್ಕಿಂತ ಮೊದಲು ತಪ್ಪನ್ನು ಹೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಮೇಲಿನ ತಾರೀಖಿಗೂ, ಮುಂದೆ ಬರುವ ಕೆಲವು ಅಪರಿಚಿತ ಮಾತುಗಳಿಗೂ ಕ್ಷಮೆ ಇರಲಿ. ನಾನು ನಿಮಗಿಂತ ನೂರ ನಲವತ್ತೊಂದು ವರ್ಷ ಮುಂದಿದ್ದೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತಿಳಿಯದು. ದಾಖಲೆಯಲ್ಲಿ ನಿಮ್ಮ ವಯಸ್ಸು ಮೂವತ್ತನಾಲ್ಕು ಎಂದಿದೆ, ನನಗೆ ಇಪ್ಪತ್ತೊಂದು. ಅಕ್ಕ ಎಂದೇ ಕರೆಯುತ್ತೇನೆ.

ನನ್ನ ಹೆಸರು ಶಾಂಭವಿ ಸುಣಗಾರ. ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ಓಣಿಮನೆಯ ಕಬ್ಬಿಣದ ಟ್ರಂಕಿನಲ್ಲಿರುವ ಹಳೆಯ ಕರಪತ್ರಗಳಿಂದ. ಓಣಿಮನೆ ಎಂದರೆ ಓಣಿಯ ಜನ ಸೇರಿ ತೀರ್ಮಾನ ಮಾಡುವ ಮನೆ. ಈ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ವರ್ಷಕ್ಕೊಮ್ಮೆ ಯಾರು ಬೇಕಾದರೂ ಬರೆದು ಎಲ್ಲರೆದುರು ಓದಬಹುದು. ಅದು ಮುಟ್ಟುತ್ತದೆಯೋ ಇಲ್ಲವೋ ಯಾರೂ ಕಂಡಿಲ್ಲ. ಹೆಚ್ಚಿನವರು ಅಜ್ಜ ಅಜ್ಜಿಯರ ಕುಶಲ ಕೇಳಿ ಮುಗಿಸುತ್ತಾರೆ. ನಾನು ಕೆಲಸ ಹೇಳಲು ಬರೆಯುತ್ತಿದ್ದೇನೆ.

ನಿಮ್ಮ ಕಾಲದ ಕಚೇರಿಯಲ್ಲಿ ಒಂದು ಪರದೆ ಇತ್ತೆಂದು ಓದಿದ್ದೇನೆ. ಊರಿನ ನಕ್ಷೆಯ ಮೇಲೆ ಕಾಯಿಲೆಗಳು ಚುಕ್ಕೆಗಳಾಗಿ ಮೂಡುತ್ತಿದ್ದವು, ಅಧಿಕಾರಿಗಳು ನೋಡುತ್ತಿದ್ದರು. ನೀವು ಅದನ್ನು ಡ್ಯಾಶ್‌ಬೋರ್ಡ್ ಎನ್ನುತ್ತಿದ್ದಿರಿ. ನಾವು ಊರುಗಣ್ಣು ಎನ್ನುತ್ತೇವೆ. ಅದು ಕೋಣೆಯೊಳಗೆ ಇಲ್ಲ. ಓಣಿಮನೆಯ ಹೊರಗೋಡೆಯ ಮೇಲಿದೆ, ಸೊಪ್ಪು ಮಾರುವವರೂ ಶಾಲೆಗೆ ಹೋಗುವ ಮಕ್ಕಳೂ ನೋಡಿಕೊಂಡೇ ದಾಟುತ್ತಾರೆ. ನೀರಿನ ತೊಂದರೆಗೆ ನೀಲಿ, ಬಿಸಿಲಿನ ಬಾಧೆಗೆ ಕಿತ್ತಳೆ, ಕಾಯಿಲೆಗೆ ಕೆಂಪು. ಏನೂ ತೊಂದರೆ ಇಲ್ಲದ ಜಾಗ ಬಿಳಿ, ಯಾರೂ ಹೋಗಿ ನೋಡದ ಜಾಗ ಬೂದಿ ಬಣ್ಣ. ನಿಮ್ಮ ನಕ್ಷೆಯಲ್ಲಿ ಈ ಕೊನೆಯ ಎರಡಕ್ಕೂ ಒಂದೇ ಬಣ್ಣವಿತ್ತು. ಎಷ್ಟು ಜನ ಆ ಒಂದು ಬಣ್ಣದಲ್ಲಿ ಕಾಣೆಯಾದರೋ!

ನಮ್ಮಲ್ಲಿ ಕುರ್ಚಿಯಲ್ಲಿ ಕೂತು ಚುಕ್ಕೆ ಇಡುವಂತಿಲ್ಲ. ತೊಂದರೆಗೆ ಒಳಗಾದ ಮನೆಯವರೊಬ್ಬರು, ನೆರೆಯವರೊಬ್ಬರು, ಇಬ್ಬರೂ ಆ ಜಾಗಕ್ಕೇ ಹೋಗಿ ಗೋಡೆಯ ಮೇಲೆ ಚುಕ್ಕೆ ಮೂಡುವ ತನಕ ನಿಲ್ಲಬೇಕು. ಇದನ್ನು ನಿಲುಚುಕ್ಕೆ ಎನ್ನುತ್ತೇವೆ. ನನ್ನ ಮೊದಲ ನಿಲುಚುಕ್ಕೆಗೆ ನನಗೆ ಒಂಬತ್ತು ವರ್ಷ. ಮನೆಯ ಮುಂದೆ ಗಟಾರ ಒಡೆದಿತ್ತು. ಪಕ್ಕದ ಮನೆಯಲ್ಲಿದ್ದ ಆಯಿ, ಎಂದರೆ ನನ್ನ ಅಜ್ಜಿ ಫಕೀರವ್ವ, ನೆರೆಯವಳಾಗಿ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ಹೊಲಸು ನೀರಿನಲ್ಲಿ ನಿಂತಿದ್ದಳು, ಮೂಗು ಮುಚ್ಚಿಕೊಂಡ ನನ್ನನ್ನು ನೋಡಿ ನಗುತ್ತಿದ್ದಳು. ಮಧ್ಯಾಹ್ನದೊಳಗೆ ಗಟಾರ ಸರಿಯಾಯಿತು. ಚುಕ್ಕೆಯನ್ನು ಅಳಿಸುವ ಹಕ್ಕು ಇಟ್ಟವರಿಗೆ ಮಾತ್ರ, ಆದ್ದರಿಂದ ಅಳಿಸಿದ್ದು ನಾನೇ. ಊರು ನಮ್ಮದು ಎಂಬುದು ಆ ದಿನ ನನಗೆ ತಿಳಿಯಿತು. ಅಕ್ಕ, ಈ ಭೂಮಿಯ ಮೇಲೆ ಎಲ್ಲವೂ ಕೆಟ್ಟುಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ನಾವಿದ್ದೇವೆ.

ಈಗ ನಮ್ಮ ತೊಂದರೆ ಕೇಳಿ. ಸುಣ್ಣದಗೂಡಿನಲ್ಲಿ ಎಂಬತ್ತೊಂದು ಮನೆಗಳಿವೆ, ಕುಡಿಯುವ ನೀರನ್ನು ಬೇರೆ ಓಣಿಯಿಂದ ಹೊತ್ತು ತರುತ್ತೇವೆ. ನಿಮ್ಮ ಕಾಲದ ಸುಣ್ಣದ ಗೂಡುಗಳು ಈಗ ಬರೀ ಮೂರು ದಿಬ್ಬಗಳು. ಮೂರನೆಯ ದಿಬ್ಬದ ಪಕ್ಕ ಬಾವಿ ತೋಡಬೇಕೆಂದು ಓಣಿಮನೆಯಲ್ಲಿ ಮಾತಾಗಿದೆ. ಆ ದಿಬ್ಬದ ಹತ್ತಿರ ಮಕ್ಕಳನ್ನು ಬಿಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿದೆ. ಯಾವುದೋ ಕಾರ್ಖಾನೆಯವರು ಬಣ್ಣದ ಕೊಳೆಯನ್ನು ಪೀಪಾಯಿಗಟ್ಟಲೆ ತಂದು ಆ ಗೂಡಿನೊಳಗೆ ಸುರಿದರಂತೆ, ಓಣಿಯ ಜನರ ಮೈಮೇಲೆ ಗುಳ್ಳೆ ಎದ್ದವಂತೆ. ಆದರೆ "ಅಂತೆ" ಎಂಬುದನ್ನು ಊರುಗಣ್ಣು ಒಪ್ಪುವುದಿಲ್ಲ. ಪರೀಕ್ಷೆಯ ಸೂಜಿ ಗಟ್ಟಿಯಾದ ಸುಣ್ಣದ ಪದರಕ್ಕೆ ಬಡಿದು ನಿಂತು, ಅದರ ಮೇಲಿನ ನೀರನ್ನಷ್ಟೇ ನೋಡಿ ಶುದ್ಧ ಎಂದು ಹೇಳಿದೆ. ಬಾವಿ ಆ ಪದರವನ್ನು ಒಡೆದು ಕೆಳಗಿಳಿಯುತ್ತದೆ. ಅದಕ್ಕೇ ತೋಡುವ ಮೊದಲು ಹಳೆಯ ನಕ್ಷೆಗಳನ್ನು ನೋಡಬೇಕೆಂಬ ನಿಯಮವಿದೆ. ನೋಡಿದೆವು. ೨೦೨೬ರ ನಕ್ಷೆಯಲ್ಲಿ ಸುಣ್ಣದಗೂಡು ಹಾಲಿನಂತೆ ಬಿಳಿ. ಅಲ್ಲಿಂದ ಒಂದು ಹರದಾರಿ ಆಚೆ, ಕಚೇರಿಯ ಅಂಗಳದಲ್ಲಿ, ೪೧೨ ಎಂಬ ಅಂಕೆ ಹೊತ್ತ ಒಂದೇ ದೊಡ್ಡ ಕೆಂಪು ವೃತ್ತ.

ಆ ವೃತ್ತವನ್ನು ಬಿಡಿಸಿ ಒಂದೊಂದೇ ದಾಖಲೆ ಓದಿದೆ. ಹೆಸರು, ವಯಸ್ಸು, ಕಾಯಿಲೆ, ಬರೆದುಕೊಂಡ ನಿಮ್ಮ ಹೆಸರು. ಮುನ್ನೂರ ತೊಂಬತ್ತು ಜನ ಸುಣಗಾರರೇ, ಸುಣ್ಣ ಸುಡುತ್ತಿದ್ದ ನಮ್ಮವರೇ. ನಿಮ್ಮ ಅಧಿಕಾರಿಗಳು ಏನು ಮಾಡಿದರೆಂಬುದೂ ಅಲ್ಲೇ ಇದೆ: ಕಚೇರಿಯ ನೀರಿನ ತೊಟ್ಟಿಯನ್ನು ನಾಲ್ಕು ಸಲ ತೊಳೆಸಿದರು, ಅಂಗಳಕ್ಕೆ ಬ್ಲೀಚಿಂಗ್ ಪುಡಿ ಚೆಲ್ಲಿಸಿದರು, ಸಂಜೆ ಹೊಗೆ ಹಾಕಿಸಿದರು. ಸುಣ್ಣದಗೂಡಿಗೆ ಒಬ್ಬರೂ ಬರಲಿಲ್ಲ. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಓಣಿಗೆ ಬಾರದೆ ಕಚೇರಿಯಲ್ಲಿ ಕೂತು ದೂರು ಬರೆದವಳು ಎಂದು ನಿಮ್ಮನ್ನು ಬೈದು, ಈ ಕಾಗದದ ಮೊದಲ ಕರಡನ್ನು ಬರೆದೆ.

ಸಭೆಯಲ್ಲಿ ಈ ಚುಕ್ಕೆಗಳು ನಮ್ಮವು ಎಂದು ವಾದಿಸಿದಾಗ ಊರುಗಣ್ಣನ್ನು ನೋಡಿಕೊಳ್ಳುವ ಬಾಬಾಜಾನ್ ನದಾಫ್ ಕಾಕಾ ನಕ್ಕರು. "ಕಚೇರಿ ಮಂದಿಗೆ ಹೊಟ್ಟಿ ಕೆಡೂದೇನು ಹೊಸಾದನವಾ?" ಎಂದರು. ಆಮೇಲೆ ನಗು ಬಿಟ್ಟು, ಸುಣಗಾರರು ಊರ ತುಂಬ ಇದ್ದರು, ಹೆಸರು ನೋಡಿ ಜಾಗ ಹೇಳುವುದು ಹೇಗೆ ಎಂದು ಕೇಳಿದರು. ಹಾಗಿದ್ದರೆ ಸುಣ್ಣದಗೂಡಿಗೆ ಬೂದಿ ಬಣ್ಣವನ್ನಾದರೂ ಹಾಕಿ ಎಂದೆ. ಹಳೆಯ ನಕ್ಷೆಯಲ್ಲಿ ಹಾಗೆ ಮಾಡಿದರೆ ಅರ್ಧ ಊರು ಬೂದಿಯಾಗುತ್ತದೆ, ಎಲ್ಲಿಯೂ ಬಾವಿ ತೋಡಲಾಗದು ಎಂದರು. ಅದೂ ಸುಳ್ಳಲ್ಲ. ಎಲ್ಲರಿಗಿಂತ ಖಾರವಾಗಿ ಮಾತಾಡಿದ್ದು ನನ್ನ ಆಯಿ. "ನಾಲ್ಕು ತಲಿಮಾರು ಆತು, ಬ್ಯಾರೆ ಓಣಿ ನೀರು ಹೊತ್ತು. ನಿನ್ನ ಚುಕ್ಕಿ ನೆಕ್ಕಿದ್ರ ನೀರಡಿಕಿ ಹೋಗತೈತೇನ?" ಎಂದಳು. ಜನ ನಕ್ಕರು. ನಾನು ಎದ್ದು ಹೋಗಿ ಟ್ರಂಕಿನ ಮುಂದೆ ಕೂತೆ.

ಅಲ್ಲಿ ಸಿಕ್ಕಿತು, ಆಶಾ ಕಾರ್ಯಕರ್ತೆಯರಿಗೆ ಹಂಚಿದ ಎಂಟು ಪುಟದ ಕೈಪಿಡಿ. ಏಳನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಹೀಗಿದೆ: "ದೂರನ್ನು ಫೋನಿಗೆ ತುಂಬುವಾಗ ನೀವು ಕುಳಿತ ಜಾಗವೇ ನಕ್ಷೆಯಲ್ಲಿ ದಾಖಲಾಗುತ್ತದೆ. ಬೇರೆ ಜಾಗವಾದರೆ ಗುರುತನ್ನು ಬೆರಳಿನಿಂದ ಒತ್ತಿ ಹಿಡಿದು ಅಲ್ಲಿಗೆ ಎಳೆಯಿರಿ. ಹಳೆಯ ದೂರುಗಳ ಗುರುತನ್ನೂ ಹೀಗೆಯೇ ಸರಿಸಬಹುದು." ಮತ್ತೆ ದಾಖಲೆಗಳಿಗೆ ಓಡಿದೆ. ಎಲ್ಲವೂ ಮಂಗಳವಾರದವು, ಎಲ್ಲವೂ ಸಂಜೆ ನಾಲ್ಕರಿಂದ ಐದರೊಳಗಿನವು. ಆಗ ನನಗೆ ಅರ್ಥವಾಯಿತು. ಸುಣ್ಣದಗೂಡಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ನೀವು ಬೆಳಿಗ್ಗೆ ಮನೆ ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ, ಸಂಜೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಫೋನಿಗೆ ತುಂಬಿದಿರಿ. ನಮ್ಮ ಓಣಿಗೆ ಬಂದವರು ನೀವೊಬ್ಬರೇ. ನಿಮ್ಮನ್ನು ಬೈದ ಕರಡನ್ನು ಹರಿದು ಹಾಕಿದ್ದೇನೆ. ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ, ಅಕ್ಕ.

ಕೈಪಿಡಿಯನ್ನು ಸಭೆಯಲ್ಲಿ ಓದಿದೆ. ಮೊದಲು ಎದ್ದವಳು ಆಯಿಯೇ. "ನಮ್ಮ ಮಂದಿ ಎಲ್ಲಿ ಬ್ಯಾನಿ ಬಿದ್ರು ಅಂತ ನಕ್ಷಾಕ್ಕ ಗೊತ್ತಿಲ್ಲಂದ್ರ, ಕೈ ಹಿಡಿದು ಕರಕೊಂಡು ಬಂದು ತೋರಿಸಬೇಕವಾ. ಆ ಹೆಣ್ಮಗಳಿಗೆ ಹೇಳಿ ಕಳಸು," ಎಂದಳು. ನದಾಫ್ ಕಾಕಾ ತೀರ್ಮಾನವನ್ನು ನವೆಂಬರ್ ೧೮, ಬುಧವಾರಕ್ಕೆ ಮುಂದೂಡಿದರು. ಆ ಮಣ್ಣಿನ ಮೇಲೆ ಒಂದೇ ಒಂದು ಹಳೆಯ ಚುಕ್ಕೆ ಕಂಡರೂ ಸಾಕು, ಬಾವಿಯ ವಿರುದ್ಧ ಮೊದಲ ಕೈ ತಾನೇ ಎತ್ತುತ್ತೇನೆ, ಹೊಳೆಯಿಂದ ಕೊಳವೆ ಹಾಕಿಸಲು ಊರಿನ ದೊಡ್ಡ ಸಭೆಗೆ ತಾನೇ ಹೋಗುತ್ತೇನೆ ಎಂದು ಮಾತು ಕೊಟ್ಟರು. ಕಾಣದಿದ್ದರೆ ಗುರುವಾರ ಗುದ್ದಲಿ ಬೀಳುತ್ತದೆ. ಚಳಿಗಾಲ ಮುಗಿಯುವಷ್ಟರಲ್ಲಿ ಎಂಬತ್ತೊಂದು ಮನೆಯ ಮಕ್ಕಳು ಆ ನೀರು ಕುಡಿಯುತ್ತಾರೆ.

ನಿಮ್ಮ ನೋಟ್‌ಬುಕ್ ನಮ್ಮ ಕಾಲಕ್ಕೆ ಉಳಿದಿಲ್ಲ. ಯಾರ ಮನೆ ಎಲ್ಲಿ ಎಂಬುದು ನಿಮಗೊಬ್ಬರಿಗೇ ಗೊತ್ತು. ನಿಮ್ಮ ಕೊನೆಯ ದೂರು ೨೦೨೬ರ ನವೆಂಬರ್ ೩ರದ್ದು, ಈ ಓಲೆ ನಿಮ್ಮ ಅದೇ ವಾರಕ್ಕೆ ಬರೆದದ್ದು, ಎಂದರೆ ಆ ನೋಟ್‌ಬುಕ್ ಇನ್ನೂ ನಿಮ್ಮ ಚೀಲದಲ್ಲಿದೆ. ಗುರುತುಗಳನ್ನು ಸರಿಸಿ. ನೀವು ಸರಿಸಿದ್ದು ನಮ್ಮ ಗೋಡೆಯ ಮೇಲೂ ಸರಿದಿರುತ್ತದೆ. ಅದಕ್ಕಿಂತ ಮೊದಲು ನಿಮ್ಮ ಅಧಿಕಾರಿಗಳ ಪರದೆಯ ಮೇಲೆ ಸರಿದಿರುತ್ತದೆ. ಸುಣ್ಣದಗೂಡು ಕೆಂಪಾದ ದಿನ ಆ ಪೀಪಾಯಿಗಳ ಗಾಡಿಯನ್ನು ಯಾರಾದರೂ ತಡೆಯಲೇಬೇಕಾಗುತ್ತದೆ. ನಮ್ಮ ಮಕ್ಕಳಿಗಿಂತ ಮುಂಚೆ ನಿಮ್ಮವರು ಉಳಿಯುತ್ತಾರೆ. ನೂರಾರು ಗುರುತು, ಬೆರಳು ನೋಯುತ್ತದೆ, ಬಲ್ಲೆ. ಯಾರೂ ಕೇಳದಿದ್ದಾಗಲೂ ನಾನೂರ ಹನ್ನೆರಡು ಸಲ ಬರೆದವರು ನೀವು. ಆದ್ದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ.

ಓಣಿಯಿಂದ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ, ಮೊದಲ ಚುಕ್ಕೆಯನ್ನು ನಿಂತೇ ಇಡೋಣ. ನೆಟ್‌ವರ್ಕ್ ಸಿಗದಿದ್ದರೆ ಗುರುತನ್ನು ಸಂಜೆ ಕಚೇರಿಯ ಮೆಟ್ಟಿಲ ಮೇಲೆ ಎಳೆದರೂ ಆಯಿತು. ನಾನೂ ಆಯಿಯೂ ಅಲ್ಲಿರುತ್ತೇವೆ. ನದಾಫ್ ಕಾಕಾ ಗೋಡೆಯ ಮುಂದೆ ಕಾಯುತ್ತಾರೆ. ನಿಮ್ಮ ಪಂಚಾಂಗದಲ್ಲೂ ನಮ್ಮದರಲ್ಲೂ ಕೆಳಗಿನ ತಾರೀಖು ಒಂದೇ ವಾರಕ್ಕೆ ಬಿದ್ದಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೂರನೆಯ ಗೂಡಿನ ಬಾಯಿ. ನವೆಂಬರ್ ೧೭, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ.